ಬಾಲವಿಲ್ಲದ ಕಾರು

ಮನುಷ್ಯನ ಯೋಗ್ಯತೆಯನ್ನು ಅವನ ನಡತೆಯಿಂದ ಅಳೆಯಬೇಕೆಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಈಗ ಅದನ್ನು ಅವನ ಕಾರಿನ ತಳಕ್ಕೂ ನೆಲಕ್ಕೂ ನಡುವಿನ ಸಂದಿನಿಂದ ಅಳೆಯುತ್ತಾರೆ. ಸಂದು ದೊಡ್ಡದಾದಷ್ಟೂ ಮನುಷ್ಯ ದೊಡ್ಡವನು. ಈ ನ್ಯಾಯದ ಪ್ರಕಾರ ಟ್ರ್ಯಾಕ್ಟರ್ ಓಡಿಸುವವನನ್ನು ಕಂಡರೆ ಊರೆಲ್ಲ ಎದ್ದು ನಿಂತು ಕೈಮುಗಿಯಬೇಕಿತ್ತು. ಯಾರೂ ಮುಗಿಯುವುದಿಲ್ಲ. ಸುಳ್ಳು ಅಳತೆಗೋಲುಗಳಿಗೆ ತಮ್ಮದೇ ಲೆಕ್ಕ ಸರಿಹೊಂದಬೇಕೆಂಬ ಹಂಗೂ ಇರುವುದಿಲ್ಲ.

ಸೇಲಂ ಸೀಮೆಯ ನಂಗವಳ್ಳಿಯ ಪೆರುಮಾಳನಿಗೆ ಈ ಅಳತೆ ಗೊತ್ತಿರಲಿಲ್ಲವೆಂದಲ್ಲ. ಅದಕ್ಕೆ ಅವನು ತಲೆಬಾಗಿರಲಿಲ್ಲ, ಅಷ್ಟೇ. ಪಶು ಆಹಾರದ ಅಂಗಡಿ ಇಟ್ಟುಕೊಂಡು, ಅಪ್ಪನ ಕಾಲದ ಕುರಿಮಂದೆಯನ್ನೂ ಕೈಬಿಡದೆ ಸಾಕಿಕೊಂಡಿದ್ದ ಅವನ ಬಳಿ ಒಂದು ಸಣ್ಣ ಬಿಳಿ ಕಾರು ಇತ್ತು. ಹಿಂದೆ ಡಿಕ್ಕಿ ಚಾಚಿಕೊಂಡಿರದೆ, ಬೆನ್ನು ನೇರವಾಗಿ ಕೆಳಗಿಳಿದು, ಹಿಂಬಾಗಿಲು ಚಪ್ಪರದಂತೆ ಮೇಲಕ್ಕೆ ತೆರೆದುಕೊಳ್ಳುವ ಬಗೆಯದು. ಹಿಂದಿನ ಸೀಟು ಮಡಚಿದರೆ ಹಿಂಡಿಯ ಮೂಟೆಗಳಿಗೆ ಜಾಗ, ಬಿಡಿಸಿದರೆ ತಾಯಿ ಕಾಳಿಯಮ್ಮನಿಗೆ. ತಂಗಿ ಮುನಿಲಕ್ಷ್ಮಿ ತವರಿಗೆ ಬಂದಾಗಲೆಲ್ಲ ಅವಳ ಮೂರು ವರ್ಷದ ಮಗಳು ಶಾಲಿನಿಗೆ ಆ ಹಿಂಬಾಗಿಲೇ ಆಟದ ಮನೆ. ಪೆರುಮಾಳ್ ಅದರ ಅಂಚಿನ ಮೇಲೆ ಕುಳಿತು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ, ಅವಳು ಕುರಿಮರಿಗಳಿಗೆ ಅಗಸೆ ಸೊಪ್ಪು ತಿನ್ನಿಸುತ್ತ ಹೊತ್ತು ಕಳೆಯುತ್ತಿದ್ದಳು.

ಆ ಮಗುವಿಗೆ ಕಿವಿ ಚುಚ್ಚುವ ದಿನ ಗೊತ್ತಾಯಿತು. ಕಿವಿ ಚುಚ್ಚುವಾಗ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಓಲೆ ತರಬೇಕಾದವನೂ ಅವನೇ, ತಟ್ಟೆಗಳಲ್ಲಿ ತವರಿನ ಉಡುಗೊರೆ, ಅಂದರೆ ಸೀರು, ಹೊರಿಸಿಕೊಂಡು ಬರಬೇಕಾದವನೂ ಅವನೇ. ಮದುವೆಯಾಗಿ ಹತ್ತು ವರ್ಷಗಳಾದರೂ ಮಕ್ಕಳಿಲ್ಲದ ಪೆರುಮಾಳನಿಗೆ ಈ ತೊಡೆಯ ಹಕ್ಕು ಬೇರೆಲ್ಲ ಹಕ್ಕಿಗಿಂತ ದೊಡ್ಡದಾಗಿತ್ತು. ಆಚಾರಿ ಚುಚ್ಚುವಾಗ ಮಗುವಿನ ತಲೆಯನ್ನು ಹೇಗೆ ಹಿಡಿಯಬೇಕೆಂದು ಅವನು ಒಬ್ಬನೇ ಇದ್ದಾಗ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದುದನ್ನು ಹೆಂಡತಿ ಸುಗುಣಾ ಕಂಡಿದ್ದಳು. ಕಂಡೂ ಕಾಣದಂತೆ ಇದ್ದಳು.

ಇಷ್ಟರಲ್ಲಿ ಹರೂರಿನ ಕಡೆಯಿಂದ ಫೋನು ಬಂತು. ಮಾತನಾಡಿದವನು ಮುನಿಲಕ್ಷ್ಮಿಯ ಗಂಡ, ಮರಗೆಣಸಿನ ವ್ಯಾಪಾರಿ ವೆಂಕಟಾಚಲಂ.

"ಬಾವ, ಸೀರಿಗೆ ಯಾವ್ ವಂಡೀಲಿ ಬತ್ತೀರಿ?"

"ಇನ್ಯಾವ್ದ್ರಲ್ಲಿ? ನಮ್ ಕಾರ್ ಐತಲ್ಲ."

"ಅದ್ ಬ್ಯಾಡ ಬಾವ. ತಪ್ಪಾ ತಿಳ್ಕೋಬ್ಯಾಡಿ. ವಾಸಲ್‌ನಾಗೇ, ಕಮಾನ್ ತಾವೇ ವೀಡಿಯೋ ಇಡ್ಸಿದೀನಿ. ನಮ್ ಪಂಗಾಳಿ, ದಾಯಾದಿ ನೆಂಟ್ರೆಲ್ಲ ನಿಂತಿರ್ತಾರೆ. ಮಾವ ಅನ್ನೋನು ಎತ್ರದ್ ವಂಡೀಲಿ ಬಂದ್ರೆ ಮಗೀಗೇ ಮರ್ಯಾದೆ."

"ಮಗೀಗೆ ಮೂರ್ ವರ್ಸ ಮಾಪಿಳ್ಳೆ. ಅದಕ್ಕೇನ್ ತಿಳೀತೈತೆ?"

"ಮಗೀಗ್ ತಿಳೀದಿದ್ರೂ ವೀಡಿಯೋಗೆ ತಿಳೀತೈತೆ ಬಾವ."

ಈ ಮಾತಿಗೆ ಪೆರುಮಾಳ್ ನಗಬೇಕಿತ್ತು. ನಕ್ಕಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಅವನು ಮನೆಯವರನ್ನೆಲ್ಲ ಅಂಗಳದಲ್ಲಿ ಕೂಡಿಸಿ ಅಭಿಪ್ರಾಯ ಕೇಳಿದ. ನೇರವಾದ ಮನುಷ್ಯ ಹತ್ತು ಜನರ ಅಭಿಪ್ರಾಯ ಕೇಳತೊಡಗಿದನೆಂದರೆ, ಬಾಗಲು ಜಾಗ ಹುಡುಕುತ್ತಿದ್ದಾನೆಂದು ತಿಳಿಯಬೇಕು.

ಮೊದಲು ಬಾಯಿಬಿಟ್ಟವನು ತಮ್ಮ ಪ್ರಭು. ಸೇಲಂನಲ್ಲಿ ಕೆಲಸ, ಸ್ವಂತ ಉದ್ದನೆಯ ಡಿಕ್ಕಿ ಕಾರು. "ಅಣ್ಣನ್ ಕಾರು ಬಾಲ ಕುಯ್ದ ಕುರಿ ಇದ್ದಂಗೈತೆ. ಕಾರು ಅಂದ್ರೆ ಮುಂದ್ಕೊಂದ್ ಮೂತಿ, ಇಂದ್ಕೊಂದ್ ಬಾಲ ಇರ್ಬೇಕು. ಅವಾಗ್ಲೇ ಅದು ಕಾರು."

"ಬಾಲ ಇದ್ದು ಏನ್ ಮಾಡ್ತೈತೆ? ನೊಣ ಓಡುಸ್ತೈತಾ?" ಎಂದಳು ಸುಗುಣಾ.

"ಬಾಲ್ವೂ ಬ್ಯಾಡ, ಮೂತೀನೂ ಬ್ಯಾಡ," ಎಂದರು ಪೆರುಮಾಳನ ಚಿಕ್ಕಪ್ಪ; ಊರಿಗೆಲ್ಲ ಅವರು ಚಿಕ್ಕಪ್ಪನೇ. "ಎತ್ರ ಇರ್ಬೇಕು ಕಣ್ಲಾ. ಬಸ್‌ನಾಗ್ ಕೂತಿರೋನೂ ನಮ್ಮುನ್ನ ಕತ್ತೆತ್ತಿ ನೋಡ್ಬೇಕು."

ಈ ಚಿಕ್ಕಪ್ಪ ಸಾಮಾನ್ಯರಲ್ಲ. ಕುರಿಸಂತೆಯಲ್ಲಿ ಟಗರಿನ ಎತ್ತರಕ್ಕಾಗಲಿ ಕೊಂಬಿನ ಸುರುಳಿಗಾಗಲಿ ಮರುಳಾದವರಲ್ಲ. ಬೆನ್ನಿನ ಮೇಲೆ ಕೈಯಾಡಿಸಿ, ಸೊಂಟದ ಮೂಳೆ ಒತ್ತಿ ನೋಡಿ, ಹೊರಗೆ ಉಣ್ಣೆ ಎಷ್ಟು ಒಳಗೆ ಮಾಂಸ ಎಷ್ಟು ಎಂದು ಹೇಳುವವರು. ಉಣ್ಣೆ ನೋಡಿ ಟಗರು ಕೊಂಡವನನ್ನು ಅವರು ವರ್ಷಗಟ್ಟಲೆ ಆಡಿಕೊಂಡು ನಗುತ್ತಾರೆ. ಅಂಥವರು ಕಾರಿನ ವಿಷಯಕ್ಕೆ ಬಂದಾಗ ಉಣ್ಣೆಯ ಹೊರತು ಬೇರೇನನ್ನೂ ನೋಡಲಿಲ್ಲ.

"ನನ್ನ ಕೇಳೀರಾ?" ಎಂದಳು ಕಾಳಿಯಮ್ಮ. "ಪ್ರಭು ಕಾರ್‌ನಾಗ್ ಕೂತ್ರೆ ಬಾವೀಲಿ ಕೂತಂಗೆ. ಎತ್ತಾಕ್ ಇಬ್ರು ಬೇಕು. ಎತ್ರದ್ ವಂಡಿ ಅತ್ತಾಕ್ ಏಣಿ ಬೇಕು. ಪೆರುಮಾಳನ್ ಕಾರ್‌ನಾಗೆ ಬಾಗ್ಲು ತೆಗೆದ್ರೆ ಕುರ್ಚಿ ಐತೆ, ಕಾಲ್ ಬಿಟ್ರೆ ನೆಲ ಐತೆ. ಮಂಡಿ ನೋವಿರೋಳ್ಗೆ ಇನ್ನೇನ್ ಬೇಕು?"

ಆ ಸಭೆಯಲ್ಲಿ ಕಾರಣಸಹಿತವಾಗಿ ಬಂದ ಅಭಿಪ್ರಾಯ ಇದೊಂದೇ. ಆದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೇಟ್ಟೂರು ರಸ್ತೆಯ ಬಾಲಾಜಿಯಿಂದ ಎತ್ತರದ ಕಪ್ಪು ಗಾಡಿಯೊಂದನ್ನು ಬಾಡಿಗೆಗೆ ಗೊತ್ತುಮಾಡಿದರು. ಅದರ ನೆತ್ತಿಯಲ್ಲಿ ಗಾಜಿನ ಕಿಂಡಿಯೊಂದಿತ್ತು. ಗುಂಡಿ ಒತ್ತಿದರೆ ತೆರೆದು ಆಕಾಶ ಕಾಣುತ್ತಿತ್ತು. ಆಕಾಶವನ್ನು ಅಂಗಳದಲ್ಲಿ ಬಿಟ್ಟಿಯಾಗಿ ನೋಡುತ್ತ ಬೆಳೆದ ಚಿಕ್ಕಪ್ಪ ಅದನ್ನು ಕಿಂಡಿಯಲ್ಲಿ ನೋಡಿ ಬೆರಗಾದರು. ಗಾಡಿಯ ಮೂತಿಯ ಮೇಲೆ ಟಗರನ್ನು ಸವರುವಂತೆಯೇ ಕೈಯಾಡಿಸಿದರು, ಆದರೆ ಎಲ್ಲಿಯೂ ಒತ್ತಿ ನೋಡಲಿಲ್ಲ.

"ಒಂದ್ ಮಾತು," ಎಂದ ಬಾಲಾಜಿ. "ಸೀಟೆಲ್ಲ ಬಿಳೀದು. ಟಗರ್‌ನ ಅತ್ತುಸ್ಬಾರ್ದು. ವಯಸಾದೋರು ವಾಂತಿ ಮಾಡ್ಕೊಳಂಗಿದ್ರೆ ಅವ್ರೂ ಬ್ಯಾಡ."

ಸೀರಿನಲ್ಲಿ ಟಗರು ಇರಲೇಬೇಕು. ಪ್ರಭುವಿನ ಡಿಕ್ಕಿಯಲ್ಲಿ ಅದಕ್ಕೆ ಉಸಿರುಕಟ್ಟುತ್ತದೆ. ಉಸಿರುಕಟ್ಟದಿದ್ದರೂ ಪ್ರಭು ಒಪ್ಪುತ್ತಿರಲಿಲ್ಲ. ಹೀಗಾಗಿ ಆ ಶುಕ್ರವಾರ ಬೆಳಿಗ್ಗೆ ಹೊರಟ ಮೆರವಣಿಗೆಯ ವ್ಯವಸ್ಥೆಯನ್ನು ಓದುಗರು ಗಮನಿಸಬೇಕು. ಎತ್ತರದ ಗಾಡಿಯಲ್ಲಿ ಬಾಲಾಜಿ, ಪೆರುಮಾಳ್, ಚಿಕ್ಕಪ್ಪ ಮತ್ತು ಒಂದು ಗುಲಾಬಿ ಹಾರ. ಉದ್ದನೆಯ ಕಾರಿನಲ್ಲಿ ಪ್ರಭು ಮತ್ತು ಅವನ ಇಸ್ತ್ರಿ ಮಾಡಿದ ಅಂಗಿ. ಯಾರಿಗೂ ಬೇಡವಾದ ಬಾಲವಿಲ್ಲದ ಕಾರನ್ನು ಸುಗುಣಾ ಓಡಿಸಿದಳು. ಅದರಲ್ಲಿ ಕಾಳಿಯಮ್ಮ, ಕೊಂಬಿಗೆ ಅರಿಶಿನ ಬಳಿದ ಟಗರು, ಸೀರೆ, ಹಣ್ಣು, ಬೆಲ್ಲದ ತಟ್ಟೆಗಳು, ಮತ್ತು ಸುಗುಣಾಳ ಸೆರಗಿನ ಗಂಟಿನಲ್ಲಿ ಚಿನ್ನದ ಓಲೆ. ಕಿವಿ ಚುಚ್ಚಲು ಬೇಕಾದದ್ದೆಲ್ಲ ಸಣ್ಣ ಕಾರಿನಲ್ಲಿತ್ತು, ಒಂದು ತೊಡೆಯ ಹೊರತು.

ಮಂಜವಾಡಿ ಕಣಿವೆ ದಾಟಿ ವೆಂಕಟಾಚಲನ ಊರು ತಲುಪಿದಾಗ ಇನ್ನೂ ಸಾಕಷ್ಟು ಹೊತ್ತಿತ್ತು. ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ. ಅದರೊಳಗೆ ಕಿವಿ ಚುಚ್ಚಬೇಕು. ಅವನ ಮನೆಗೆ ಹೋಗುವ ಬೀದಿಯ ಎರಡೂ ಕಡೆ ಮನೆಗಳ ಜಗಲಿಗಳು ಮುಂದೆ ಚಾಚಿಕೊಂಡಿವೆ. ಬೀದಿಯ ಬಾಯಲ್ಲಿ ನೀರಿನ ಪೈಪು ಹೂತು ಮಣ್ಣು ಮುಚ್ಚಿದ ಒಂದು ದಿಬ್ಬ. ಅದರಾಚೆ ಬಿದಿರಿನ ಕಮಾನು; ಅದರ ಮೇಲೆ ಮಗುವಿನ ಚಿತ್ರ ಸಣ್ಣದಾಗಿ, ಮಗುವಿನ ಅಪ್ಪನ ಚಿತ್ರ ದೊಡ್ಡದಾಗಿ.

ಕಮಾನಿನ ಮುಂದೆ ವೀಡಿಯೋ ತೆಗೆಯುವ ಸೆಲ್ವಂ ನಿಂತಿದ್ದ. ಆ ದಿನ ಅಲ್ಲಿ ಪಂಚಾಂಗಕ್ಕಿಂತ ಅವನ ಮಾತಿಗೇ ಬೆಲೆ ಹೆಚ್ಚು.

"ಆ ಬಿಳಿ ಕಾರು ಯಾರ್ದಕ್ಕಾ? ಫ್ರೇಮ್‌ಗೆ ಬರ್ತೈತೆ. ಇಂದ್ಗಡೆ ದಾರೀಲಿ ಓಗ್ಬುಡಿ," ಎಂದು ಸುಗುಣಾಳಿಗೆ ಕೈ ಬೀಸಿದ.

ಸುಗುಣಾ ಮನೆಗಳ ಹಿಂದಿನ ದನದ ದಾರಿಗೆ ಕಾರು ತಿರುಗಿಸಿದಳು. ಬೇಲಿಯ ಕೊಂಬೆಗಳ ನಡುವೆ ಆ ಸಣ್ಣ ಕಾರು ತೂರಿಕೊಂಡು ಹೋಗಿ ವೆಂಕಟಾಚಲನ ಹಿತ್ತಿಲಲ್ಲಿ, ಹುಣಸೆಮರದ ನೆರಳಿನಲ್ಲಿ ನಿಂತಿತು. ಕಾಳಿಯಮ್ಮ ಬಾಗಿಲು ತೆಗೆದು, ಕಾಲು ನೆಲಕ್ಕೂರಿ, ಯಾರ ಕೈಯನ್ನೂ ಹಿಡಿಯದೆ ಇಳಿದಳು.

ಇತ್ತ ಸೆಲ್ವಂ ಪೆರುಮಾಳನನ್ನು ಕಿಂಡಿಯಿಂದ ಮೇಲೆದ್ದು ನಿಲ್ಲಿಸಿದ. ಕೊರಳಿಗೆ ಹಾರ; ಕೈಗೆ ಒಂದು ಖಾಲಿ ಬೆಳ್ಳಿ ತಟ್ಟೆ, ಏಕೆಂದರೆ ತುಂಬಿದ ತಟ್ಟೆಗಳೆಲ್ಲ ಹಿತ್ತಿಲಿಗೆ ಹೋಗಿದ್ದವು.

"ಅಣ್ಣಾ, ನಗ್ರಿ. ಇನ್ನೊಂದ್ ಟೇಕ್. ಕೊಂಜಂ ರಿವರ್ಸ್ ವಾಂಗ."

ಗಾಡಿ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ಮತ್ತೆ ಹಿಂದಕ್ಕೆ. ತಮಟೆಯವರು ಅಷ್ಟೂ ಸಲ ಬಡಿದರು.

"ತಮ್ಮಾ, ಒತ್ತಾಯ್ತದೆ," ಎಂದ ಪೆರುಮಾಳ್.

"ಕೂಗ್ಬ್ಯಾಡಿ ಅಣ್ಣಾ, ಬಾಯಿ ಅಲ್ಲಾಡಿದ್ರೆ ನಗು ಕೆಡ್ತೈತೆ."

ಮೂರನೆಯ ಸಲ ಬಾಲಾಜಿ ಹುರುಪಿನಲ್ಲಿ ಮುಂದಕ್ಕೆ ನುಗ್ಗಿಸಿದ. ಪೆರುಮಾಳ್ ತಲೆ ತಗ್ಗಿಸಿಕೊಂಡ. ಗಾಡಿ ತಗ್ಗಲಿಲ್ಲ. ಅದರ ನೆತ್ತಿ ಕಮಾನಿನ ಬಿದಿರಿಗೆ ಸಿಕ್ಕಿ, ಕಮಾನು ಮುರಿದು, ವೆಂಕಟಾಚಲನ ದೊಡ್ಡ ಮುಖ ಕಿಂಡಿಯ ಮೇಲೆ ಮುಚ್ಚಳದಂತೆ ಕುಳಿತಿತು. ಎರಡೂ ಕಡೆ ಜಗಲಿಗಳಿದ್ದುದರಿಂದ ಬಾಗಿಲುಗಳು ಗೇಣುದ್ದವೂ ತೆರೆಯಲಿಲ್ಲ. ಹಿಂದಕ್ಕೆ ಹೋಗೋಣವೆಂದರೆ ಪ್ರಭುವಿನ ಕಾರು ಪೈಪಿನ ದಿಬ್ಬದ ಮೇಲೆ ಹೊಟ್ಟೆಯೂರಿ, ಮೂತಿ ಇತ್ತ ಬಾಲ ಅತ್ತ ಮಾಡಿಕೊಂಡು, ದಡಕ್ಕೆ ಬಿದ್ದ ಮೀನಿನಂತೆ ಬಾಯಿಬಿಡುತ್ತಿತ್ತು. ಒಬ್ಬ ಮಾವ ಎತ್ತರದಿಂದ ಕೆಟ್ಟ, ಇನ್ನೊಬ್ಬ ತಗ್ಗಿನಿಂದ ಕೆಟ್ಟ.

"ಪೈಂಟು, ಪೈಂಟು," ಎನ್ನುತ್ತಿದ್ದ ಬಾಲಾಜಿ. ಚಿಕ್ಕಪ್ಪ ಬಿಳಿ ಸೀಟಿನ ಮೇಲೆ ಕುಳಿತು, ಇಳಿಯುವ ಉಪಾಯ ತೋಚದೆ, ಕಿಟಕಿಯಿಂದ ಜನರನ್ನು ನೋಡುತ್ತಿದ್ದರು. ಅವರ ಆಸೆಯಂತೆಯೇ ಜನರೆಲ್ಲ ಕತ್ತೆತ್ತಿ ಅವರನ್ನು ನೋಡುತ್ತಿದ್ದರು.

ಮನೆಯ ಚಪ್ಪರದಡಿ ಆಚಾರಿ ಸೂಜಿ ಹಿಡಿದು ಕಾದಿದ್ದ. ಸುಗುಣಾ ಓಲೆಗಳನ್ನು ತಟ್ಟೆಯಲ್ಲಿಟ್ಟಳು.

"ನಮ್ಮಣ್ಣ ಎಲ್ಲಿ ಅತ್ಗೆ?" ಎಂದು ಕೇಳಿದಳು ಮುನಿಲಕ್ಷ್ಮಿ.

"ವಂಡೀಲಿ ನಿಂತವ್ರೆ."

"ಕೂತಿರೋರು ಇಳೀಬೋದು. ನಿಂತಿರೋರಿಗೆ ಇಳಿಯಾಕೇನ್ ಕಷ್ಟ?"

ಹೊತ್ತು ಏರುತ್ತಿತ್ತು. ವೆಂಕಟಾಚಲಂ ಕಮಾನಿನ ಸುದ್ದಿ ಕೇಳಿ ಬೀದಿಗೂ ಚಪ್ಪರಕ್ಕೂ ಓಡಾಡುತ್ತಿದ್ದ. "ನೋಡು, ರಾವ್ಕಾಲ ಇಡೀತದೆ. ಸುಗುಣಕ್ಕನ್ ತೊಡೆ ಮೇಲೇ ಕೂರ್ಸಿ ಮುಗ್ಸು. ಮಾವನ್ ಎಂಡ್ತಿ ಅಂದ್ರೂ ಮಾವನೇ."

ಹಿರಿಯರೂ ಹಾಗೆಯೇ ಅಂದರು. ಶಾಲಿನಿಯನ್ನು ಸುಗುಣಾಳ ತೊಡೆಯ ಮೇಲೆ ಕೂರಿಸಿದರು. ಆಚಾರಿ ಬಲಗಿವಿ ಚುಚ್ಚಿದ; ಮುರಿದ ಕಮಾನನ್ನು ಬಿಟ್ಟು ಬಂದಿದ್ದ ಸೆಲ್ವಂ ಅದನ್ನು ವೀಡಿಯೋಗೆ ಹಿಡಿದ. ಮಗುವಿನ ಕಿರುಚಾಟ ತಮಟೆಯನ್ನೂ ಮೀರಿಸಿತು. ಆಚಾರಿ ಎಡಗಿವಿಗೆ ಕೈಹಾಕುವಾಗ ಮುನಿಲಕ್ಷ್ಮಿ ಅವನ ಕೈ ತಡೆದಳು.

"ನಿಲ್ಲಿ ಆಚಾರೇ. ಮೂರ್ತಕ್ಕೆ ಒಂದ್ ಕಿವಿ ಆಯ್ತು. ಇನ್ನೊಂದು ನಮ್ಮಣ್ಣಂದು."

"ಉಚ್ಚು ಇಡೀತಾ ನಿನ್ಗೆ? ರಾವು ಬಂದ್ಬುಡ್ತಾನೆ," ಎಂದ ವೆಂಕಟಾಚಲಂ.

"ಬರ್ಲಿ. ರಾವು ಮುಂಚೆ ಬತ್ತಾನೋ ನಮ್ಮಣ್ಣ ಮುಂಚೆ ಬತ್ತಾನೋ ನೋಡಾನ."

ಸ್ವಂತ ಕಾರಿಲ್ಲದ ರಾಹು ಸರಿಯಾದ ಹೊತ್ತಿಗೆ ಬಂದ.

ಪೆರುಮಾಳ್ ಬಂದದ್ದು ಅದಾದ ಮೇಲೆ. ಭಾವಮೈದುನನ ಮುಖದ ಚಿತ್ರವನ್ನು ನಡುವೆ ಹರಿದು, ಕಿಂಡಿಯಿಂದ ಮೇಲೆ ಬಂದು, ಗಾಡಿಯ ಮೂತಿಯ ಮೇಲೆ ಜಾರಿ, ಪಂಚೆಯ ಅಂಚು ಹರಿಸಿಕೊಂಡು, ಬರಿಗಾಲಲ್ಲಿ ಓಡಿಬಂದ. ಹಾರದಲ್ಲಿ ನಾರು ಮಾತ್ರ ಉಳಿದಿತ್ತು.

"ಬಂದ್ಯಾ?" ಎಂದಳು ತಂಗಿ. ಒಂದು ಓಲೆ ಇನ್ನೂ ಉಳಿದಿದ್ದ ತಟ್ಟೆಯನ್ನು ಮುಂದೆ ಹಿಡಿದಳು.

ಪೆರುಮಾಳ್ ಮಣೆಯ ಮೇಲೆ ಕುಳಿತು ಕೈ ಚಾಚಿದ. ಆದರೆ ತೊಡೆಯ ಮೇಲೆ ಕೂತರೆ ಏನಾಗುತ್ತದೆಂಬುದನ್ನು ಮಗು ಅಷ್ಟರಲ್ಲಿ ಕಲಿತಾಗಿತ್ತು. ಅವಳು ಮಾವನನ್ನು, ಅವನ ಹಿಂದೆ ಕುಳಿತ ಆಚಾರಿಯನ್ನು, ಸೂಜಿಯನ್ನು ನೋಡಿದಳು. ಚೀರಿ, ಅತ್ತೆಯ ಕೈಯಿಂದ ಬಿಡಿಸಿಕೊಂಡು ಹಿತ್ತಿಲಿಗೆ ಓಡಿದಳು. ಪೆರುಮಾಳನ ಚಾಚಿದ ಕೈ ಹಾಗೆಯೇ ಉಳಿಯಿತು. ದಿಂಬು ಹೀಗೆ ಓಡಿಹೋಗಿರಲಿಲ್ಲ.

"ಮಾವ ಬಂದ್ ದೊಡ್ ವಂಡಿ ತೋರ್ಸಿ ಕರೀರಿ," ಎಂದು ಯಾರೋ ಹೇಳಿದರು. ಅಲ್ಲಿ ಇದ್ದವರಲ್ಲಿ ಕೆಲವರು ನಿಜವಾಗಿಯೂ ಇದನ್ನು ಒಳ್ಳೆಯ ಸಲಹೆಯೆಂದು ತಲೆದೂಗಿದರು.

ಪೆರುಮಾಳ್ ಎದ್ದು ಹಿತ್ತಿಲಿಗೆ ಹೋದ. ಹುಣಸೆಮರಕ್ಕೆ ಕಟ್ಟಿದ್ದ ಟಗರಿನ ಹಿಂದೆ ಶಾಲಿನಿ ಅಡಗಿ ಕುಳಿತಿದ್ದಳು. ಅವನು ಕರೆಯಲಿಲ್ಲ. ಸಣ್ಣ ಕಾರಿನ ಹಿಂಬಾಗಿಲನ್ನು ಮೇಲೆತ್ತಿ, ಅದರ ನೆರಳಿನಲ್ಲಿ ಅಂಚಿನ ಮೇಲೆ ಕುಳಿತು, ತಟ್ಟೆಯಿಂದ ಬಿದ್ದಿದ್ದ ಒಂದು ವೀಳ್ಯದೆಲೆಯನ್ನು ಟಗರಿನ ಕಡೆ ಚಾಚಿದ. ಟಗರು ಬಂತು. ಸ್ವಲ್ಪ ಹೊತ್ತಿನ ಮೇಲೆ, ಟಗರಿಗೆ ತಿನ್ನಿಸುವ ಕೆಲಸ ತನ್ನದೆಂದು ನೆನಪಾಗಿ, ಮಗುವೂ ಬಂತು. ಎಲೆಯನ್ನು ಅವನ ಕೈಯಿಂದ ಕಿತ್ತುಕೊಂಡಿತು; ತಾನಾಗಿಯೇ ತೊಡೆಯೇರಿತು.

"ನೋಯ್ತದಾ ಮಾಮಾ?"

"ನೋಯ್ತದೆ ಕಂದಾ. ನಾನ್ ಇಡ್ಕೊಂಡಿರ್ತೀನಿ."

ಅವಳು ಎಡಗಿವಿಯನ್ನು ಕೈಯಿಂದ ಮುಚ್ಚಿಕೊಂಡಳು. ಸ್ವಲ್ಪ ಯೋಚಿಸಿದಳು. ಆಮೇಲೆ ಆ ಕೈ ತೆಗೆದು ಮಾವನ ಮೀಸೆಯನ್ನು ಭದ್ರವಾಗಿ ಹಿಡಿದಳು. ಮುನಿಲಕ್ಷ್ಮಿ ಕಣ್ಣಿನಲ್ಲೇ ಕರೆದಳು. ಆಚಾರಿ ಅಲ್ಲಿಗೇ ಬಂದ.

ಸೆಲ್ವಂ ಓಡಿಬಂದು ಕ್ಯಾಮೆರಾ ಎತ್ತಿ ನೋಡಿ ಮುಖ ಸಿಂಡರಿಸಿದ. "ಅಣ್ಣಾ, ಚಪ್ಪರಕ್ ಬಂದ್ಬುಡಿ. ಇಲ್ಲಿ ಕಾರ್ ಡೋರ್ ಕಾಣ್ತೈತೆ, ಟಗರ್ ಕಾಣ್ತೈತೆ. ಫ್ರೇಮ್ ಸರಿ ಬರಲ್ಲ."

ಯಾರೂ ಏಳಲಿಲ್ಲ. ಅವನು ಕ್ಯಾಮೆರಾ ಆರಿಸಿದ. ಆಚಾರಿ ಎಡಗಿವಿ ಚುಚ್ಚಿದ. ಮಗುವಿಗಿಂತ ಗಟ್ಟಿಯಾಗಿ ಕೂಗಿದವನು ಪೆರುಮಾಳ್, ಮೀಸೆಯ ದೆಸೆಯಿಂದ. ಮುನಿಲಕ್ಷ್ಮಿ ಆ ದಿನ ಮೊದಲ ಸಲ ನಕ್ಕಳು.

ವೀಡಿಯೋ ಸಿದ್ಧವಾಗಿ ಬಂದಿದೆ. ಅದರಲ್ಲಿ ಕಪ್ಪು ಗಾಡಿ ಮೂರು ದಿಕ್ಕಿನಿಂದ ಬರುತ್ತದೆ, ಹಾರ ಹಾಕಿದ ಮಾವ ನಿಧಾನವಾಗಿ ನಗುತ್ತಾನೆ, ಹಿನ್ನೆಲೆಯಲ್ಲಿ ಸಂಗೀತ. ಆಮೇಲೆ ಆಚಾರಿ ಬಲಗಿವಿ ಚುಚ್ಚುತ್ತಾನೆ. ಮರುಕ್ಷಣದಲ್ಲೇ ಮಗು ಎರಡು ಕಿವಿಗೂ ಓಲೆ ಹಾಕಿಕೊಂಡು ಬಾಳೆಲೆಯ ಮುಂದೆ ಕುಳಿತಿದೆ. ಹರೂರಿನಿಂದ ಕೊಳತ್ತೂರಿನವರೆಗೆ ನೆಂಟರೆಲ್ಲ ಇದನ್ನು ತಮ್ಮ ಫೋನಿನಲ್ಲಿ ನೋಡಿದ್ದಾರೆ. ಗಾಡಿ ಯಾರದು, ಡೀಸಲ್ಲೋ ಪೆಟ್ರೋಲೋ, ನೆತ್ತಿಯ ಕಿಂಡಿ ಮಳೆಗಾಲದಲ್ಲಿ ಸೋರುತ್ತದೆಯೋ ಇಲ್ಲವೋ ಎಂದು ವಿಚಾರಿಸಿದ್ದಾರೆ. ಎರಡನೆಯ ಕಿವಿ ಯಾವಾಗ ಚುಚ್ಚಿದರೆಂದು ಈವರೆಗೆ ಒಬ್ಬರೂ ಕೇಳಿಲ್ಲ.