ಶಶಿರೇಖಾಳ ಕೀಲಿಗೊಂಚಲು

ಮೌಸ್ ತಗುಲಿದ್ದೇ ತಡ, ಆ ಹಳದಿ ಚೀಟಿ ಮತ್ತೆ ಎದ್ದಿತು, ಕರೆಂಟ್ ಬಿಲ್ಲಿನ ಸೈಟಿನ ಪಕ್ಕದಲ್ಲೇ — ಈ ಸೈಟಿನವನು ಮಹಾ ಸೋಮಾರಿ, ಎರಡು ಸಲ ಒತ್ತಿ, ಬೈಯಬೇಡಿ — ಶಶಿರೇಖಾ ಬರೆದದ್ದು, ನನಗೆಂದೇ ಬರೆದದ್ದು, ಸತ್ತು ವರ್ಷವಾದ ಮೇಲೂ ನನ್ನ ಹೆಂಡತಿ ದಿನಾ ಹೀಗೆ ಪರದೆಯ ಮೂಲೆಯಿಂದ ಎದ್ದು ಬುದ್ಧಿ ಹೇಳುತ್ತಾಳೆ, ಎರಡು ಸಲ ಒತ್ತುತ್ತೇನೆ, ಬೈಯುವುದಿಲ್ಲ, ನಾನು ಒಂದಕ್ಷರ ಮುಟ್ಟುವ ಮೊದಲೇ ಪಾಸ್‌ವರ್ಡಿನ ಜಾಗದಲ್ಲಿ ಕಪ್ಪು ಚುಕ್ಕಿಗಳು ಸಾಲಾಗಿ ಬಂದು ಕೂರುತ್ತವೆ, ಮೊನ್ನೆ ಉಮ್ಮತ್ತೂರಿನ ಬೆಟ್ಟಯ್ಯ ಪಿಂಚಣಿ ನೋಡಿಸಲು ಬಂದವನು ಅದನ್ನು ಕಂಡು ಕುರ್ಚಿಯಿಂದ ಎದ್ದೇಬಿಟ್ಟ, ನೀನು ಬೆರಳೇ ಮಡಗ್ನಿಲ್ವಲ್ಲಣ್ಣೋ, ಅದ ಯಾರು ಒತ್ತುದ್ದು, ನಾನು ಬಿಡುತ್ತೇನೆಯೇ, ನನ್ನ ಕಣ್ಣೋಟಕ್ಕೇ ಕಂಪ್ಯೂಟರ್ ನಡೆಯುತ್ತದೆ ಬೆಟ್ಟಯ್ಯ ಅಂದೆ, ಕೈಮುಗಿದು ಹೋದ, ಮುಗಿಯದೆ ಏನು, ಗುಂಡ್ಲುಪೇಟೆಯಲ್ಲಿ ನನಗೆ ಎದುರಿಲ್ಲ, ಬಂಡೀಪುರದ ಆನೆ ತನ್ನ ಆಧಾರ್ ತಿದ್ದಿಸಬೇಕಾದರೂ ಸೊಂಡಿಲಲ್ಲಿ ಜೆರಾಕ್ಸ್ ಹಿಡಿದು ನನ್ನ ಸೈಬರ್ ಅಂಗಡಿಯ ಮುಂದೆಯೇ ಸರತಿಯಲ್ಲಿ ನಿಲ್ಲಬೇಕು — ಆದರೆ ಆ ಚುಕ್ಕಿಗಳು ನನ್ನವಲ್ಲ, ಬ್ರೌಸರಿಗೆ ಅವಳು ತಗುಲಿಸಿಕೊಂಡಿದ್ದ ಎಕ್ಸ್‌ಟೆನ್ಷನ್ ಅದು, ನಾನು ಕೀಲಿಗೊಂಚಲು ಅನ್ನುತ್ತೇನೆ, ಅಂಗಡಿಯ ಪಾಸ್‌ವರ್ಡ್‌ಗಳೆಲ್ಲ ಅದರೊಳಗೆ, ಒಂದೊಂದರ ಬೆನ್ನಿಗೂ ಅವಳದೊಂದು ಚೀಟಿ, ರೇಷನ್ ಕಾರ್ಡಿನವನಿಗೆ ಮಧ್ಯಾಹ್ನ ಸೊಕ್ಕು, ಬೆಳಿಗ್ಗೆಯೇ ಹಿಡಿಯಿರಿ — ಬ್ಯಾಂಕಿನವಳು ಒಳ್ಳೆಯವಳು, ಸ್ವಲ್ಪ ಹೊತ್ತು ಮಾತಾಡಿಸದಿದ್ದರೆ ಮುನಿಸಿಕೊಂಡು ಆಚೆ ಹಾಕುತ್ತಾಳೆ, ಥೇಟ್ ನನ್ನ ಹಾಗೆ — ಗೊಂಚಲನ್ನೇ ತೆರೆಯುವ ದೊಡ್ಡ ಕೀಲಿ, ಮಾಸ್ಟರ್ ಪಾಸ್‌ವರ್ಡ್, ಅವಳೊಬ್ಬಳಿಗೇ ಗೊತ್ತಿತ್ತು, ಮೈಸೂರಿನ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಒತ್ತಿ ತೆರೆದಿಟ್ಟು ಹೋದಳು, ಸಾಯಂಕಾಲ ಬರ್ತೀನಿ, ಆರಿಸ್ಬುಟ್ಟೀರಿ ಮತ್ತೆ, ಅಂದಳು, ನಾನು ಆರಿಸಿಲ್ಲ, ಅವತ್ತಿನಿಂದ ಈ ಮಿಷನ್ ಆರಿಯೇ ಇಲ್ಲ, ಯಾಕೆ ಅಂತ ಕೇಳಿದವರಿಗೆಲ್ಲ ಇದು ಬರೀ ಕಂಪ್ಯೂಟರ್ ಅಲ್ಲ ಸರ್ವರ್ರು, ಆರಿಸಿದರೆ ಅರ್ಧ ಜಿಲ್ಲೆಯ ಪಹಣಿ ನಿಂತುಹೋಗುತ್ತದೆ ಅನ್ನುತ್ತೇನೆ, ನಂಬುತ್ತಾರೆ, ಕೆಲವು ದಿನ ನಾನೂ ನಂಬುತ್ತೇನೆ.

ಪರದೆಯ ನೆತ್ತಿಯಲ್ಲಿ ಮಾತ್ರ ಆ ಕೆಂಪು ಪಟ್ಟಿ, ಈ ಎಕ್ಸ್‌ಟೆನ್ಷನ್ ಸದ್ಯದಲ್ಲೇ ನಿಲ್ಲುತ್ತದೆ, ಬೇರೊಂದನ್ನು ಆರಿಸಿಕೊಳ್ಳಿ, ದಿನಾ ಮುಚ್ಚುತ್ತೇನೆ, ದಿನಾ ಬರುತ್ತದೆ, ಅವಳ ತಮ್ಮ ಮಲ್ಲೇಶ ಚಾಮರಾಜನಗರದಿಂದ ಫೋನಿನಲ್ಲಿ ಗೋಗರೆಯುತ್ತಾನೆ, ಭಾವಾ, ಆ ಹಳೇದ್ರಲ್ಲಿರದ್ನೆಲ್ಲ ಒಂದು ಫೈಲ್ಗೆ ಇಳಿಸ್ಕಂಡು ಒಸದ್ಕೆ ಸುರಿದ್ರೆ ಮುಗೀತು, ಅದ್ಕೆ ಯಾಕ್ ಇಷ್ಟು ಒದ್ದಾಡ್ತೀರಿ — ಇಳಿಸಿದ ಫೈಲು ಹೇಗಿರುತ್ತದೆ ಎಂದು ಅವನೇ ಒಂದು ಮಾದರಿ ಕಳಿಸಿದ್ದ, ತೆರೆದರೆ ಒಂದೇ ಮುದ್ದೆ, ಅಕ್ಷರ ಆವರಣ ಅಲ್ಪವಿರಾಮ ಎಲ್ಲ ಕಲಸಿಹೋದದ್ದು, ನಾಳೆ ನಮ್ಮದನ್ನು ಹೀಗೆ ಇಳಿಸಿದರೆ ಅವಳ ಚೀಟಿಗಳು ಉಳಿದಿವೆಯೋ ಹೋಗಿವೆಯೋ ಕಾಣಬೇಕಲ್ಲ, ಅದಕ್ಕೆ ಇನ್ನೊಂದು ಎಕ್ಸ್‌ಟೆನ್ಷನ್ ಬೇಕು, ಡೇಟಾ ಬಿಡಿಸಿ ತೋರಿಸುವಂಥದ್ದು, ನಾನು ಲೋಕದಲ್ಲಿರುವಷ್ಟನ್ನೂ ಪರೀಕ್ಷೆ ಮಾಡಿದೆ, ಸುಳ್ಳಲ್ಲ, ಲೋಕದಲ್ಲಿರುವಷ್ಟನ್ನೂ, ಒಂದು ಬಣ್ಣ ಬಳಿದು ತೋರಿಸುತ್ತದೆ, ಕನ್ನಡ ಬಂದರೆ ಖಾಲಿ ಡಬ್ಬಿ ಮಾಡುತ್ತದೆ, ಒಂದು ನಾನು ತೆರೆಯುವ ಪ್ರತಿ ಪುಟವನ್ನೂ ಓದುವ ಅಪ್ಪಣೆ ಕೇಳುತ್ತದೆ, ನನ್ನ ಹೆಂಡತಿ ನನಗೆ ಬರೆದದ್ದನ್ನು ಯಾವ ದೇಶದ ಯಾವನೋ ಓದುವುದೇ, ಕಿತ್ತೆಸೆದೆ, ಕೊನೆಗೆ ಸಿಕ್ಕಿದ್ದು ಮರದ ಹಾಗೆ ಕೊಂಬೆಕೊಂಬೆಯಾಗಿ ಬಿಡಿಸುತ್ತದೆ, ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ, ಆಚೆಗೆ ಏನನ್ನೂ ಕಳಿಸುವುದಿಲ್ಲ, ಅದು ಸರಿ, ಇನ್ನು ಹೊಸ ಕೀಲಿಗೊಂಚಲು, ಒಂದರಲ್ಲಿ ಚೀಟಿ ಬರೆಯಲು ಜಾಗವೇ ಇಲ್ಲ, ಇನ್ನೊಂದರಲ್ಲಿ ಜಾಗವಿದೆ, ಆದರೆ ನಾಲ್ಕು ಸಲ ಒತ್ತಿ ಹುಡುಕಿಕೊಂಡು ಹೋಗಬೇಕು, ತಾನಾಗಿ ಏಳುವುದಿಲ್ಲ, ತಾನಾಗಿ ಎದ್ದು ಬರದಿದ್ದರೆ ಅದು ಅವಳು ಹೇಗಾದಾಳು — ಮಲ್ಲೇಶ ನಗುತ್ತಾನೆ, ಎಣ್ಣು ನೋಡಕ್ ಬಂದಾಗ ನಮ್ಮಕ್ಕುನ್ನ ಒಂದೇ ಏಟ್ಗೆ ಒಪ್ಕಂಡ್ರಲ್ಲ ಭಾವಾ, ಕಾಫಿ ಲೋಟ ಕೆಳಿಕ್ ಮಡಗಕ್ ಮುಂಚೆ, ಇದ್ಕ್ಯಾಕೆ ಈ ಪಾಟಿ ಆರಿಸ್ತೀರಿ — ಆರಿಸುತ್ತೇನೆ ಕಣಯ್ಯಾ, ಆರಿಸುತ್ತಲೇ ಇದ್ದರೆ ಒಳ್ಳೆಯದು, ಯಾಕೆಂದರೆ ಇಳಿಸಿಕೊಳ್ಳುವ ಗುಂಡಿ ಒತ್ತಿದರೆ ಅದು ಮತ್ತೊಮ್ಮೆ ಮಾಸ್ಟರ್ ಪಾಸ್‌ವರ್ಡ್ ಕೇಳುತ್ತದೆ, ಅದು ನನಗೆ ಗೊತ್ತಿಲ್ಲ ಎಂದು ನಿನಗೂ ಹೇಳಿಲ್ಲ, ಇಡೀ ತಾಲ್ಲೂಕಿನ ಬೀಗ ತೆಗೆಯುವವನಿಗೆ ಮನೆಯವಳ ಬೀಗ ಬರುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ, ಚೀಟಿಗಳನ್ನು ನೋಡಿ ಬರೆದುಕೊಳ್ಳಬಹುದಿತ್ತು, ಒಂದು ದಿನ ಬರೆಯಲು ಕೂತೆ, ಸೋಮಾರಿ ಎಂಬ ಪದದ ಹೊತ್ತಿಗೆ ಅದು ನನ್ನ ಕೈಬರಹವಾಗಿಬಿಟ್ಟಿತು, ನಿಲ್ಲಿಸಿದೆ.

ಫ್ಯಾನು ನಿಂತಿತು — ಕರೆಂಟ್ ಹೋಯಿತು, ನಡು ಮಧ್ಯಾಹ್ನ, ಮೇಜಿನ ಕೆಳಗೆ ಯುಪಿಎಸ್ ಕುಂಯ್ ಅನ್ನಲು ಶುರು, ಅದರ ಬ್ಯಾಟರಿ ಉಬ್ಬಿಕೊಂಡಿದೆ, ಬದಲಾಯಿಸಬೇಕೆಂದರೆ ಆರಿಸಬೇಕು, ಆರಿಸಿದರೆ ಗೊಂಚಲು ಮುಚ್ಚುತ್ತದೆ, ಮುಚ್ಚಿದರೆ ಅವಳು ಹೋದಳು, ಈಗ ತಾನಾಗಿಯೇ ಆರುತ್ತದಲ್ಲ, ಬೆಂಚಿನ ಮೇಲೆ ಅವಳ ತಾಯಿ, ನಮ್ಮತ್ತೆ ಗುರುಮಲ್ಲಮ್ಮ, ಕುದೇರಿನಿಂದ ಅವರೆಕಾಯಿ ತಂದವರು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ, ಯಾಕ್ ಅಳೀದೇವ್ರೇ, ಮೊಕ ಇಂಗ್ ಬೆವ್ತೋಯ್ತು, ಅನ್ನುತ್ತಾರೆ, ಹೇಳಿಬಿಟ್ಟೆ, ಜೀವಮಾನದಲ್ಲಿ ಮೊದಲ ಸಲ ಒಂದನ್ನು ಉಬ್ಬಿಸದೆ ಹೇಳಿದೆ, ಇದನ್ನು ತೆರೆಯಲು ನಿಮ್ಮ ಮಗಳು ಯಾವ ಹೆಸರು ಒತ್ತುತ್ತಿದ್ದಳೋ, ಆ ಕೀಲಿ ಸಿಗುತ್ತಿಲ್ಲ ಅತ್ತೆ, ಏನೇನ್ ಒತ್ತಿ ನೋಡುದ್ರಿ, ಮಾದಪ್ಪನ ಹೆಸರು, ಗೋಪಾಲಸ್ವಾಮಿ ಹೆಸರು, ನಿಮ್ಮದು, ಮಲ್ಲೇಶನದು, ಕುದೇರು, ನಿಮ್ಮನೆ ಎಮ್ಮೆ ಗೌರಿಯದು ಕೂಡ — ಅಯ್ ಸಿವನೇ, ಎಮ್ಮೆ ಗಂಟ ವೋದೋರು ಗಂಡುನ್ ತಾವ್ಕೆ ಬರ್ನಿಲ್ವಾ — ಇಲ್ಲ, ಹೇಗೆ ಬರಲಿ, ಅವಳು ನನ್ನ ಹೆಸರು ಹೇಳಿದವಳೇ ಅಲ್ಲ, ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ನಿಲ್ಲಿಸಿ ಹೆಸರು ಹೇಳು, ಆಮೇಲೆ ಒಳಗೆ ಬಾ ಅಂತ ನಮ್ಮ ಹೆಂಗಸರೆಲ್ಲ ದಾರಿ ಕಟ್ಟಿದರೆ ಬಾಯಿಗೆ ಸಕ್ಕರೆ ತುಂಬಿಕೊಂಡು ಏನೋ ಗುಳುಗುಳು ಅಂದು ನುಗ್ಗಿಬಂದಳು, ಬ್ಯಾಂಕಿನಲ್ಲಿ ಗಂಡನ ಹೆಸರೇನಮ್ಮ ಅಂದರೆ ನನ್ನ ಪಕ್ಕೆ ತಿವಿಯುತ್ತಿದ್ದಳು, ಮೃತ್ಯುಂಜಯ ಅಂತ ನಾನೇ ಹೇಳಬೇಕಿತ್ತು ನಾನೇ, ಸಾವನ್ನೇ ಗೆದ್ದವನ ಹೆಸರು, ಊರೆಲ್ಲ ಕೂಗಿದರೂ ಅವಳು ಕೂಗಿದ್ದಿಲ್ಲ, ಅರ್ಜಿಯಲ್ಲಿ ಆ ಜಾಗ ಬಂದರೆ ಕೀಬೋರ್ಡನ್ನೇ ನನ್ನ ಕಡೆಗೆ ತಳ್ಳುತ್ತಿದ್ದಳು ಅತ್ತೆ, ಒತ್ತುತ್ತಲೂ ಇರಲಿಲ್ಲ — ಜನುದ್ ಮುಂದ್ಗಡೆ ತಳ್ತಿದ್ಲು, ಅಂದರು ನಮ್ಮತ್ತೆ, ಅವರೆಕಾಯಿ ಚೀಲದ ಬಾಯಿ ಬಿಗಿಯುತ್ತಾ, ಒಬ್ಳೇ ಇದ್ದಾಗ ಏನ್ ಮಾಡ್ತಿದ್ಲೋ ಕಂಡೋರ್ಯಾರು, ಸಾಸ್ತ್ರ ಇರದು ಬಾಯ್ಗೆ ಕಣಪ್ಪ, ಬೆರಳ್ಗೆ ಯಾವ್ ಸಾಸ್ತ್ರ.

ಕುಂಯ್ ಅನ್ನುವುದು ಹತ್ತಿರ ಹತ್ತಿರವಾಗುತ್ತಿದೆ, ಇಳಿಸಿಕೊಳ್ಳುವ ಗುಂಡಿ ಒತ್ತಿದೆ, ಖಾಲಿ ಪೆಟ್ಟಿಗೆ ಬಂತು, ನನ್ನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿದೆ, ಅವಳು ಒತ್ತಿದ್ದರೆ ಹೀಗೆಯೇ ಒತ್ತುತ್ತಿದ್ದಳೇ, ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತಿ, ಊದುಬತ್ತಿ ಹಚ್ಚಿ, ನಾನು ಚಹಾ ತರಲು ಹೋದಾಗ, ಯಾರೂ ಇಲ್ಲದಾಗ, ಇನ್ನು ಎಂಟರ್ ಒಂದೇ, ಬಂಡೀಪುರದ ರಸ್ತೆಯಲ್ಲಿ ಹುಲಿಯ ಮುಂದೆ ಸ್ಕೂಟರ್ ನಿಲ್ಲಿಸಿ ಸರಿಯಪ್ಪಾ ಆಚೆಗೆ ಅಂದವನು ನಾನು, ಎಂಟರಿಗೆ ಹೆದರುತ್ತೇನೆಯೇ, ತೆರೆದರೆ ಅಷ್ಟೂ ವರ್ಷ ಅವಳು ನನ್ನನ್ನು ಕೂಗುತ್ತಿದ್ದಳು ಮತ್ತು ನನಗೆ ಕೇಳಿಸಲೇ ಇಲ್ಲ, ತಪ್ಪು ಅಂತ ಬಂದರೆ — ತಪ್ಪು ಅಂತ ಬಂದರೆ ಆ ಬೆರಳುಗಳಲ್ಲೂ ನಾನು ಇರಲಿಲ್ಲ, ಒತ್ತದಿದ್ದರೆ ಎರಡೂ ಅಲ್ಲ, ಒತ್ರಪ್ಪ, ಅನ್ನುತ್ತಾರೆ ಅತ್ತೆ, ಬೆರಳು ಎತ್ತಿದಲ್ಲೇ ಇದೆ, ಚುಕ್ಕಿಗಳಾಗಿ ಸಾಲು ನಿಂತ ನನ್ನ ಹೆಸರಿನ ಕೊನೆಯಲ್ಲಿ ಕರ್ಸರಿನ ಆ ಸಣ್ಣ ಕಪ್ಪು ಗೆರೆ, ಬರುತ್ತದೆ, ಹೋಗುತ್ತದೆ, ಮುಂದಿನದಕ್ಕೆ ಕಾಯುತ್ತಾ, ಬರುತ್ತದೆ, ಕುಂಯ್, ಹೋಗುತ್ತದೆ, ಗೆರೆ, ಬರುತ್ತದೆ, ಗೆರೆ —