ಗೀಟು ಸಿಸ್ಟರ್

“ಆ ಕೆಂಪು ಪೆನ್ನು ತೆಗೀಬೇಡ್ವೇ! ಅದಿಲ್ದೆ ಅಕ್ಕನ್ನ ಯಾರು ಗುರುತು ಹಿಡೀತಾರೆ?” ಚಿಕ್ಕಮ್ಮ ಗದರಿದಳು. ಅಮ್ಮನಿಗೆ ಕೊನೆಯ ಸಲ ತೊಡಿಸಿದ್ದ ಬಿಳಿ ಕೋಟಿನ ಜೇಬಿಗೆ ಮಗಳು ಪೆನ್ನನ್ನು ಮತ್ತೆ ಸಿಕ್ಕಿಸಿದಳು. ಶವದ ವ್ಯಾನ್ ಬರಲು ಇನ್ನೂ ಒಂದು ಗಂಟೆಯಿತ್ತು. ನಡುಮನೆ ತುಂಬಾ ಅಮ್ಮನ ರೋಗಿಗಳೇ.

ಮಗಳೂ ನರ್ಸ್, ಅಮ್ಮ ದುಡಿದ ಕ್ಲಿನಿಕ್ಕಿನಲ್ಲೇ. ಔಷಧಿ ಬರೆದುಕೊಡುವ ಪರೀಕ್ಷೆ ಪಾಸಾಗಿ ಮೂರು ತಿಂಗಳಾದರೂ, ಅವಳಿಗೆ ಕೊಟ್ಟ ಚೀಟಿ ಪುಸ್ತಕದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಡಾಕ್ಟರು ಬರುವುದು ವಾರಕ್ಕೆ ಎರಡೇ ದಿನ. ಉಳಿದ ದಿನ ಬಂದವರನ್ನೆಲ್ಲ ಬರಿಗೈಯಲ್ಲಿ ಕಳಿಸುತ್ತಿದ್ದಳು. ಸೋಮವಾರ ಪುಸ್ತಕ ವಾಪಸು ಕೊಟ್ಟುಬಿಡುವುದೆಂದು ತೀರ್ಮಾನಿಸಿದ್ದಳು. ಭಯ, ಇನ್ನೇನೂ ಅಲ್ಲ.

“ನಿಮ್ಮಮ್ಮ ಮೊದಲನೇ ದಿನವೇ ನನ್ನ ಮಾನ ತೆಗೆದುಬಿಟ್ರು ಕಣಮ್ಮ,” ಎಂದರು ಮೂಲೆಯ ಕುರ್ಚಿಯಲ್ಲಿದ್ದ, ಅದೇ ಕ್ಲಿನಿಕ್ಕಿನ ನಿವೃತ್ತ ಡಾಕ್ಟರು.

*

ನರ್ಸುಗಳೂ ಔಷಧಿ ಬರೆಯಬಹುದೆಂದು ಆದೇಶ ಬಂದ ಮೊದಲ ಬೆಳಿಗ್ಗೆ. ತಲೆಸುತ್ತಿ ಎರಡು ಸಲ ಬಿದ್ದಿದ್ದ ದರ್ಜಿ ಅಜ್ಜಿ ಏಳು ಮಾತ್ರೆಗಳ ಚೀಟಿ ಹಿಡಿದು ಬಂದಳು. ಎಂಟನೆಯದನ್ನು ಬರೆಯುತ್ತಾಳೆಂದು ಎಲ್ಲರೂ ಇಣುಕಿದರೆ, ಅಮ್ಮ ಅಜ್ಜಿಯನ್ನು ಕೂರಿಸಿ, ನಿಲ್ಲಿಸಿ ಬಿಪಿ ನೋಡಿ, ಕೆಂಪು ಪೆನ್ನಿನಲ್ಲಿ ಒಂದು ಮಾತ್ರೆಗೆ ಗೀಟು ಎಳೆದಳು.

“ನನ್ನ ಮಾತ್ರೆಗೇ ಗೀಟಾ?” ಡಾಕ್ಟರು ಕೆಂಡವಾದರು.

“ಕೂತಾಗ ಸರಿ ಇದೆ, ನಿಂತ್ರೆ ಧಡಕ್ಕಂತ ಇಳಿಯುತ್ತೆ. ನೀವೇ ನೋಡಿ ಡಾಕ್ಟ್ರೇ.”

ನೋಡಿದರು. ಗೀಟನ್ನು ಹಾಗೇ ಬಿಟ್ಟರು. ವಾರದ ಮೇಲೆ ಅಜ್ಜಿ ಕೋಲಿಲ್ಲದೆ ನಡೆದು ಬಂದಳು. ಅಂದಿನಿಂದ ಎಲ್ಲರ ಬಾಯಲ್ಲೂ ಅಮ್ಮ ಗೀಟು ಸಿಸ್ಟರ್.

*

“ಆವತ್ತು ನಿಮ್ಮಮ್ಮನಿಗೆ ಭಾರಿ ಹೆದರಿಕೆ. ಗೀಟೂ ಸೊಟ್ಟ.”

“ಅಮ್ಮನಿಗಾ? ಸುಮ್ನಿರಿ ಡಾಕ್ಟ್ರೇ!”

“ಹೆದರದೇ ಇದ್ದಿದ್ರೆ ಬರೆಯೋಕೆ ನಾನೇ ಬಿಡ್ತಿರಲಿಲ್ಲ,” ಎನ್ನುತ್ತಾ ಎದ್ದ ಡಾಕ್ಟರು ಪಕ್ಕಕ್ಕೆ ವಾಲಿದರು.

ಮಗಳು ಹಿಡಿದು ಕೂರಿಸಿದಳು. ಅಮ್ಮನ ಚೀಲದಿಂದ ಬಿಪಿ ಮಿಷನ್ ತಂದು, ಕೂರಿಸಿ ನೋಡಿದಳು, ನಿಲ್ಲಿಸಿ ನೋಡಿದಳು. ನಿಂತಾಗ ಇಳಿದಿತ್ತು.

“ತಲೆಸುತ್ತು ಎಷ್ಟು ದಿನದಿಂದ?”

“ಹದಿನೈದು ದಿನ. ಮೂತ್ರದ ತೊಂದರೆಗೆ ಹೊಸ ಮಾತ್ರೆ ಕೊಟ್ಟಾಗಿನಿಂದ.”

“ಅದನ್ನ ಇವತ್ತೇ ಬಿಡಿ. ನಾಳೆ ಕ್ಲಿನಿಕ್ಕಿಗೆ ಬನ್ನಿ, ಮತ್ತೆ ನೋಡ್ತೀನಿ.”

“ಬಾಯಿಮಾತು ಬೇಡಮ್ಮ. ಬರೆದುಕೊಡು.”

ನಡುಮನೆಯೆಲ್ಲ ಅವಳನ್ನೇ ನೋಡುತ್ತಿತ್ತು. ಮಗಳು ತನ್ನ ಚೀಲದಿಂದ ಪುಸ್ತಕ ತೆಗೆದಳು. ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲಿ ಹರಿಯಬೇಕಾಯಿತು. ಚಿಕ್ಕಮ್ಮ ಅಕ್ಕನ ಜೇಬಿನಿಂದ ಕೆಂಪು ಪೆನ್ನು ತೆಗೆದು ಅವಳ ಕೈಗಿಟ್ಟಳು. ಮಗಳು ಮಾತ್ರೆಯ ಹೆಸರು ಬರೆದು ಗೀಟು ಎಳೆದಳು, ಸೊಟ್ಟಗೇ ಬಂತು. ಕೆಳಗೆ ಸಹಿ ಹಾಕಿದಳು.

ತಲೆಯೆತ್ತಿದರೆ, ಪಕ್ಕದ ಮನೆಯಾಕೆ ಮಾತ್ರೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಬಿಪಿ ನೋಡಲೆಂದು ರವಿಕೆಯ ತೋಳು ಮೇಲೇರಿಸಿ ಎದುರಿಗೆ ಕೂತಿದ್ದಳು.