ಶನಿವಾರ ಉಳಿಸಿದ ಹಲ್ಲು

ಎದುರಿನ ಅಂಗಡಿಯ ಷಟರ್ ಅರ್ಧಕ್ಕೆ ಏರಿ ಅಲ್ಲೇ ಸಿಕ್ಕಿಕೊಂಡಿತು, ಅದರ ಕೆಳಗೆ ಅಂಗಡಿಯವನ ಎರಡು ಕಾಲು ಮಾತ್ರ ಕಾಣುತ್ತಿವೆ, ಒಂದು ಕಾಲು ಇನ್ನೊಂದರ ಹಿಮ್ಮಡಿಯನ್ನು ಉಜ್ಜಿಕೊಳ್ಳುತ್ತಿದೆ, ಪಾಪ ಅವನಿಗೂ ಸೋಮವಾರ — ಅವಳು ಕಿಟಕಿಯಿಂದ ಕಣ್ಣು ಕಿತ್ತು ಮೇಜಿನ ಕಡೆ ತಿರುಗಿದಳು, ಮೇಜು ಚೊಕ್ಕಟವಾಗಿತ್ತು, ಎಂಟೂವರೆಯಿಂದ ಅವಳು ಮಾಡಿದ್ದು ಅದೊಂದನ್ನೇ, ಒರೆಸಿದ್ದು. ಚೂರಿಗಳನ್ನು ಉದ್ದಕ್ಕೆ ತಕ್ಕಂತೆ ಜೋಡಿಸಿದ್ದಾಯಿತು, ಸ್ಪಿರಿಟ್ ದೀಪದ ಬತ್ತಿಯ ಕರಿ ಕತ್ತರಿಸಿದ್ದಾಯಿತು, ಮೂರು ಲೋಟ ನೀರು ಕುಡಿದದ್ದೂ ಆಯಿತು. ಪ್ರತಿ ಸೋಮವಾರ ಬೆಳಿಗ್ಗೆ ಏಳಕ್ಕೆ ತಂಗಿಯಿಂದ ಫೋನಿಗೆ ಸಂದೇಶ, ಮೇಲೆ ಹುಟ್ಟುವ ಸೂರ್ಯ, ಕೆಳಗೆ ವಾರವನ್ನು ಗೆಲ್ಲುವ ಏಳು ಸೂತ್ರಗಳು, ನೀರು ಕುಡಿಯಿರಿ, ಮೇಜು ಸ್ವಚ್ಛವಾಗಿಡಿ, ಎಲ್ಲಕ್ಕಿಂತ ಕಷ್ಟದ ಕೆಲಸವನ್ನು ಮೊದಲು ಮುಗಿಸಿ. ಓದಿದ್ಯಾ ಅಕ್ಕ, ನಮ್ಮ ಆಫೀಸಲ್ಲಿ ಎಲ್ಲರೂ ಇದನ್ನೇ ಫಾಲೋ ಮಾಡ್ತಾರೆ. ಓದಿದೆ ಕಣೇ. ನೀರಿನ ಸೂತ್ರದಿಂದ ಈಗಾಗಲೇ ಎರಡು ಸಲ ಬಚ್ಚಲಿಗೆ ಎದ್ದು ಹೋಗಿದ್ದಾಳೆ, ಆ ಮಟ್ಟಿಗೆ ವಾರ ಚುರುಕಾಗಿಯೇ ಶುರುವಾಗಿದೆ. ಕಷ್ಟದ ಕೆಲಸವೋ, ಅದು ಮೂಗಿನ ಮುಂದೆಯೇ ಇದೆ — ಹಿತ್ತಾಳೆಯ ಕೀಲು ಚೌಕಟ್ಟಿನಲ್ಲಿ ಮೇಲೊಂದು ಕೆಳಗೊಂದು ಪ್ಲಾಸ್ಟರ್ ದವಡೆ, ಅವಕ್ಕೆ ಗುಲಾಬಿ ಮೇಣದ ವಸಡು, ವಸಡಿನಲ್ಲಿ ಸಾಲು ಹಲ್ಲು, ಕೆಳಗೆ ಹದಿನಾಲ್ಕು, ಮೇಲೆ ಹದಿಮೂರು. ಎಡಗಡೆಯ ಕೋರೆಹಲ್ಲಿನ ಜಾಗ ಖಾಲಿ. ಆ ಹಲ್ಲು ಪಕ್ಕದಲ್ಲೇ ತಗಡಿನ ಮುಚ್ಚಳದಲ್ಲಿ ಹತ್ತಿಯ ಮೇಲೆ ಮಲಗಿದೆ, ಹೆಸರಿಗೆ ಕೋರೆ, ನೋಡಿದರೆ ಅಂಗಿಯ ಗುಂಡಿಗಿಂತ ಚಿಕ್ಕದು. ಈ ಲ್ಯಾಬಿನಲ್ಲಿ ಅವಳ ಕೆಲಸವೇ ಅದು, ಹಲ್ಲೆಲ್ಲ ಉದುರಿದವರಿಗೆ ಕಟ್ಟುವ ಸೆಟ್ಟಿನಲ್ಲಿ ಒಂದೊಂದೇ ಹಲ್ಲನ್ನು ಮೇಣಕ್ಕೆ ನಿಲ್ಲಿಸುವುದು, ಹತ್ತೊಂಬತ್ತು ವರ್ಷದಿಂದ, ಒಂದು ಹಲ್ಲಿಗೆ ನಾಲ್ಕು ನಿಮಿಷ. ನಾಲ್ಕು ನಿಮಿಷದ ಈ ಕೆಲಸಕ್ಕೆ ಇದು ಐದನೆಯ ಸೋಮವಾರ.

ಏನಕ್ಕಾ, ಆ ಅಜ್ಜಿ ಬಾಯಿಗೆ ಇವತ್ತಾದ್ರೂ ಗಳಿಗೆ ಕೂಡಿ ಬಂತಾ, ಎಂದು ಒಳಗಿನ ಕೋಣೆಯಿಂದ ಪಾಲಿಶ್ ಅಣ್ಣ. ಸೆಟ್ಟುಗಳನ್ನು ಉಜ್ಜಿ ಹೊಳಪು ತರುವವನು, ಅವನ ಯಂತ್ರ ಗುಂಯ್ ಎನ್ನುವುದು ನಿಂತಾಗಲೆಲ್ಲ ಅವನ ಬಾಯಿ ಶುರು. ಕೈ ತೊಳ್ಕೊಂಡು ಬಂದೆ, ಇನ್ನೇನು ಕೂತೆ. ಹೋದ ವಾರಾನೂ ತೊಳ್ಕೊಂಡಿದ್ರಿ, ಹಿಂದಿನ ವಾರಾನೂ ತೊಳ್ಕೊಂಡಿದ್ರಿ, ಇನ್ನೂ ಚರ್ಮ ಉಳಿದಿದೆಯಾ ಕೈಯಲ್ಲಿ. ನಿನ್ನ ಯಂತ್ರ ನೋಡ್ಕೋ ಹೋಗು. ಯಂತ್ರ ಮತ್ತೆ ಗುಂಯ್. ಅವನ ಮೇಲೆ ಸಿಟ್ಟು ಮಾಡಿ ಏನು, ಅವನು ಕೇಳಿದ್ದು ನಿಜವೇ, ಅರ್ಧ ಗಂಟೆಯ ಹಿಂದೆ ಹಲ್ಲಿನ ಡಾಕ್ಟರ ಸಹಾಯಕಿಯೂ ಫೋನಿನಲ್ಲಿ ಅದನ್ನೇ ಕೇಳಿದಳು, ಅಕ್ಕಾ, ಹನ್ನೊಂದಕ್ಕೆ ಅಜ್ಜಿ ಬರ್ತಾರೆ, ಇವತ್ತು ಬಾಯಿಗಿಟ್ಟು ನೋಡಲೇಬೇಕು, ಇಲ್ಲಾಂದ್ರೆ ಡಾಕ್ಟ್ರು ಬೇರೆ ಲ್ಯಾಬಿಗೆ ಹೊಸ ಅಳತೆ ಕಳಿಸಿಬಿಡ್ತಾರಂತೆ, ಅಲ್ಲಿ ಮಿಷನ್ನು ಎರಡೇ ದಿನಕ್ಕೆ ಮಾಡಿ ಕೊಡುತ್ತಂತೆ. ಹತ್ತೂವರೆಗೆ ಗಾಡಿ ಕಳಿಸ್ತೀವಿ, ರೆಡಿ ಇರುತ್ತಲ್ವಾ. ಇರುತ್ತೆ. ಉಳಿದವಕ್ಕೆ ಹೊಂದೋ ಬಣ್ಣದ ಹಲ್ಲು ಸಿಕ್ತಾ ಕೊನೆಗೂ. ಸಿಕ್ತು. ಬಣ್ಣದ ಹಲ್ಲು ಎಂದೂ ಕಳೆದಿರಲಿಲ್ಲ, ಐದು ವಾರದಿಂದ ಇದೇ ಮುಚ್ಚಳದಲ್ಲಿದೆ, ಮೊದಲ ವಾರ ಬಾಯಿಗೆ ಬಂದ ಸುಳ್ಳಿಗೆ ಮುಂದಿನ ವಾರಗಳ ಸುಳ್ಳು ತಾವಾಗಿ ಸಾಲುಗಟ್ಟಿದವು. ಬೇರೆ ಲ್ಯಾಬಿಗೆ ಹೋದರೆ ಈ ಸೆಟ್ಟು ಯಾರಿಗೂ ಬೇಡ, ಹಲ್ಲುಗಳನ್ನು ಕಿತ್ತು ಡಬ್ಬಿಗೆ ಹಾಕಿ ಮೇಣವನ್ನು ಕರಗಿಸುವ ಪಾತ್ರೆಗೆ ತಳ್ಳುವುದು, ಪಕ್ಕದ ಮೇಜಿನ ಮೇಷ್ಟ್ರು ನಿಲ್ಲಿಸಿದ ಹದಿಮೂರೂ ಹದಿನಾಲ್ಕೂ ಹಾಗೇ ಹೋಗುತ್ತವೆ. ಹಲ್ಲು ಇಟ್ಟರೆ ಮಾತ್ರ ಉಳಿಯುತ್ತವೆ. ಇಟ್ಟರೆ ಮೇಷ್ಟ್ರ ಕೆಲಸ ಮುಗಿಯುತ್ತದೆ, ಇದರ ಆಚೆ ಅವರದು ಇನ್ನೊಂದಿಲ್ಲ.

ದೀಪ ಹಚ್ಚಿದಳು, ಹಚ್ಚಿದ್ದಕ್ಕಾದರೂ ಕೆಲಸ ಶುರುವಾದಂತೆ ಕಾಣಲಿ, ಚೂರಿಯ ತುದಿ ಬಿಸಿಯಾಗಿ ಅದಕ್ಕೆ ಅಂಟಿದ್ದ ಹಳೆಯ ಮೇಣ ಕರಗಿ ವಾಸನೆ ಎದ್ದಿತು, ಎಣ್ಣೆಯಂಥ ಸಿಹಿಯಂಥ ವಾಸನೆ, ಇದು ಮೂಗಿಗೆ ಬಿದ್ದ ಕೂಡಲೇ ಭಾನುವಾರದ ಸಂಜೆ, ಯಾವತ್ತೂ ಹಾಗೇ, ಅಪ್ಪ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಹಳೆಯ ಪೇಪರ್ ಹಾಸಿ ಕೂತಿದ್ದಾನೆ, ಮನೆಯವರ ಶೂಗಳೆಲ್ಲ ಸಾಲಾಗಿ, ಅಪ್ಪನದು ದೊಡ್ಡ ಜೊತೆ, ಅಮ್ಮನ ಚಪ್ಪಲಿ, ಅವಳದು, ತಂಗಿಯದು ಕೊನೆಗೆ, ಪಾಲಿಶ್ ಡಬ್ಬಿಯ ಮುಚ್ಚಳ ತೆಗೆದರೆ ಇದೇ ವಾಸನೆ, ಮೇಣದ್ದೇ ಅಲ್ಲವೇ ಅದೂ. ಭಾನುವಾರ ಸಂಜೆ ಅವಳ ಹೊಟ್ಟೆಯಲ್ಲಿ ಒಂದು ಗಂಟು ಬೀಳುತ್ತಿತ್ತು, ಹೋಂವರ್ಕು ಮುಗಿದಿರಲಿ ಬಿಡಲಿ ಬೀಳುತ್ತಿತ್ತು, ಅಪ್ಪನಿಗೆ ಹೇಳಿದರೆ ಅವನು ಬ್ರಷ್ ನಿಲ್ಲಿಸದೆ, ನನಗೂ ಬೀಳುತ್ತೆ ಮಗಳೇ, ಅದಕ್ಕೇ ಶೂ ಉಜ್ಜೋದು, ನಾಳೆ ನಾನು ಹೋಗದೇ ಇದ್ರೂ ಇವು ಹೋಗ್ತವೆ, ಹಿಂದಿನಿಂದ ನಾನು ಹೋದ್ರಾಯ್ತು. ಅಮ್ಮ ಒಳಗಿಂದ, ಒಳ್ಳೇ ಮಾತು ಹೇಳಿಕೊಡ್ತೀರಿ ಮಕ್ಕಳಿಗೆ. ಅಪ್ಪ ಯಾವುದೋ ಗೋದಾಮಿನಲ್ಲಿ ಗುಮಾಸ್ತ, ಅಲ್ಲಿ ಏನು ಮಾಡುತ್ತಿದ್ದನೋ ಅವಳು ಎಂದೂ ಕೇಳಲಿಲ್ಲ, ಸೋಮವಾರ ಹೊಳೆಯುವ ಶೂ ಗೇಟಿನಾಚೆ ಹೋಗುವುದನ್ನು ಮಾತ್ರ ನೋಡುತ್ತಿದ್ದಳು, ಕೇಳಬೇಕೆಂದು ಅನ್ನಿಸುವ ವಯಸ್ಸು ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ಇಲ್ಲಿಗೆ ಸೇರಿದ ಮೊದಲ ದಿನ ಬಾಗಿಲು ದೂಡಿದಾಗ ಅದೇ ವಾಸನೆ ಮುಖಕ್ಕೆ ಬಡಿದು ಹೊಸಿಲಲ್ಲೇ ನಿಂತುಬಿಟ್ಟಿದ್ದಳು, ಇಪ್ಪತ್ತೊಂದು ವರ್ಷದ ಹುಡುಗಿ, ಕೈಯಲ್ಲಿ ಡಿಗ್ರಿಯ ಕಾಗದ, ಒಳಗೆ ದಪ್ಪ ಕನ್ನಡಕದ ಒಬ್ಬರು ತಲೆ ಎತ್ತದೆ, ಯಾಕೆ ತಾಯಿ, ಹಲ್ಲು ನೋಡಿ ಹೆದರಿದ್ಯಾ, ಅವು ಕಚ್ಚಲ್ಲ, ಇನ್ನೂ ಯಾರ ಬಾಯಿಗೂ ಹೋಗಿಲ್ಲ. ಅವರೇ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಲ್ಯಾಬಿನಲ್ಲಿ ಎಲ್ಲರಿಗೂ ಕೆಲಸ ಕಲಿಸಿದ್ದಕ್ಕೆ ಆ ಹೆಸರು.

ಎರಡು ತಿಂಗಳು ಬರೀ ಮೇಣ ಕಾಯಿಸುವುದು, ಮೂರನೆಯ ತಿಂಗಳು ಹಲ್ಲು, ಶನಿವಾರ ಸಂಜೆ ಆರು ಹೊಡೆದರೆ ಮಾತ್ರ ಮೇಷ್ಟ್ರದು ಒಂದೇ ಮಾತು, ನಿಲ್ಲಿಸು, ಒಂದು ಉಳಿಸು. ಯಾವ ಸೆಟ್ಟೇ ಆಗಲಿ, ಎಷ್ಟೇ ಅವಸರದ್ದಾಗಲಿ, ಶನಿವಾರ ಮುಗಿಸುವಂತಿಲ್ಲ, ಒಂದು ಹಲ್ಲು ಸೋಮವಾರಕ್ಕೆ. ಯಾಕೆ ಮೇಷ್ಟ್ರೇ, ಇನ್ನು ನಾಲ್ಕು ನಿಮಿಷ ಅಷ್ಟೇ. ಆ ನಾಲ್ಕು ನಿಮಿಷ ಈಗ ನಿನ್ನ ಹತ್ರ ಇದೆ, ಸೋಮವಾರ ಬೆಳಿಗ್ಗೆ ಇರಲ್ಲ, ಖಾಲಿ ಮೇಜು ನೋಡಿದ್ರೆ ಮನುಷ್ಯ ಓಡಿಹೋಗ್ತಾನೆ, ಒಂದು ತೂತು ಕಂಡ್ರೆ ಕೈ ತಾನೇ ಹೋಗುತ್ತೆ, ಕೈ ಹೋದ್ರೆ ನೀನು ಎಲ್ಲಿಗೆ ಹೋಗ್ತೀಯ. ನಗು ಬಂದಿತ್ತು ಅವಳಿಗೆ, ಮುದುಕರ ಮಾತು ಎಂದುಕೊಂಡಿದ್ದಳು, ಒಂದು ಶನಿವಾರ ಅವರು ಕೈ ತೊಳೆಯಲು ಹೋದಾಗ ಅವರ ಮೇಜಿನ ಸೆಟ್ಟಿಗೆ ಉಳಿದಿದ್ದ ಒಂದು ಹಲ್ಲನ್ನು ತಾನೇ ನಿಲ್ಲಿಸಿಬಿಟ್ಟಳು, ಮೆಚ್ಚಿಕೊಳ್ಳುತ್ತಾರೆಂದು, ಎಷ್ಟು ಚೆನ್ನಾಗಿ ಕೂತಿತ್ತು ಅದು, ಸಾಲು ತಪ್ಪದೆ. ಸೋಮವಾರ ಅವರು ಬಂದರು, ಕನ್ನಡಕ ಹಾಕಿಕೊಂಡರು, ನೋಡಿದರು, ಚೂರಿ ಕಾಯಿಸಿ ಆ ಹಲ್ಲನ್ನು ಎಬ್ಬಿಸಿ ತಂದು ಅವಳ ಅಂಗೈಯಲ್ಲಿಟ್ಟು, ಇದು ನನ್ನ ಸೋಮವಾರ ಕಣಮ್ಮ, ಕದ್ದುಬಿಟ್ಯಲ್ಲ. ಬೆಚ್ಚಗಿತ್ತು ಹಲ್ಲು. ಬೈದಿದ್ದರೆ ಮರೆತಿರುತ್ತಿದ್ದಳು. ಅದಾದ ಮೇಲೆ ಅವಳೂ ಒಂದು ಉಳಿಸತೊಡಗಿದಳು, ಹದಿನೆಂಟು ವರ್ಷ, ಸೋಮವಾರ ಬಾಗಿಲು ತೆಗೆದು ಇಬ್ಬರೂ ಮಾತಿಲ್ಲದೆ ತಂತಮ್ಮ ಮೇಜಿಗೆ ಹೋಗಿ ದೀಪ ಹಚ್ಚುತ್ತಿದ್ದರು, ಎರಡು ಜ್ವಾಲೆ, ಎರಡು ಹಲ್ಲು, ಮೊದಲ ಮಾತು ಬರುವಷ್ಟರಲ್ಲಿ ವಾರ ತನ್ನ ಪಾಡಿಗೆ ನಡೆಯತೊಡಗಿರುತ್ತಿತ್ತು. ಅಂಥ ಮೌನ ಈಗ ಎಲ್ಲಿ ಸಿಗುತ್ತದೆ, ಮನೆಯಲ್ಲೂ ಮೌನವಿದೆ, ಅದು ಬೇರೆ, ಅದರಲ್ಲಿ ಯಾರೂ ಪಕ್ಕದಲ್ಲಿ ಕೂತಿರುವುದಿಲ್ಲ.

ಐದು ವಾರದ ಹಿಂದಿನ ಶನಿವಾರವೂ ಹಾಗೇ, ಆರು ಹೊಡೆಯಿತು, ಮೇಷ್ಟ್ರು ಈ ಕೋರೆಹಲ್ಲನ್ನು ಮುಚ್ಚಳದಲ್ಲಿಟ್ಟು ಚೌಕಟ್ಟು ಮುಚ್ಚಿ, ಸೋಮವಾರ ನೋಡೋಣ ಎಂದು ಕೊಡೆ ತೆಗೆದುಕೊಂಡು ಹೋದರು, ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಲಕ್ವ ಹೊಡೆಯಿತು, ಬಲಗಡೆ ಪೂರ್ತಿ. ಆ ಸೋಮವಾರ ಅವಳು ಮೇಷ್ಟ್ರ ಜೊತೆ ಆಸ್ಪತ್ರೆಯಲ್ಲಿದ್ದಳು. ಮುಂದಿನ ಸೋಮವಾರ ಬಂದು ಕೂತಳು, ಅವರ ಮೇಜಿನ ಚೌಕಟ್ಟನ್ನು ತನ್ನ ಮೇಜಿಗೆ ತಂದುಕೊಂಡಳು, ತೂತು ಕಂಡಿತು, ಕೈ ಹೋಗಲಿಲ್ಲ. ನಿನ್ನೆ ಅವರ ಮನೆಗೆ ಹೋಗಿದ್ದಳು, ಕಿಟಕಿಯ ಪಕ್ಕ ಕುರ್ಚಿ, ಕುತ್ತಿಗೆಗೆ ಟವಲು, ಬಾಮ್ಮಾ, ಇವರು ಬೆಳಿಗ್ಗೆಯಿಂದ ಏನೋ ಒಂದನ್ನೇ ಕೇಳ್ತಿದಾರೆ, ನನಗೆ ತಿಳಿಯಲ್ಲ, ನಿನಗೇನಾದ್ರೂ ಗೊತ್ತಾಗುತ್ತಾ ನೋಡು, ಎಂದು ಅವರ ಹೆಂಡತಿ ಸ್ಟೂಲು ಎಳೆದು ಕೊಟ್ಟರು. ಮೇಷ್ಟ್ರ ಬಾಯಿ ಒಂದು ಬದಿಗೆ ಎಳೆದುಕೊಂಡಿತು, ಕೋ, ಎಂದರು, ಕೋ ಕೋ, ಆಮೇಲೆ ಬಹಳ ಹೊತ್ತಿನ ಮೇಲೆ, ಇಟ್ಯಾ. ಇಟ್ಟೆ ಮೇಷ್ಟ್ರೇ. ಇಟ್ಟು ಡಾಕ್ಟರಿಗೂ ಕಳಿಸಾಯ್ತು. ಅಷ್ಟು ಸಲೀಸಾಗಿ ಬಂತು ಸುಳ್ಳು. ಅವರ ಮುಖದ ಎಡಗಡೆ ನಕ್ಕಿತು, ಬಲಗಡೆ ಹಾಗೇ ಇತ್ತು, ಹೆಂಡತಿ, ಅಯ್ಯೋ ಹಲ್ಲಿನ ವಿಷಯವಾ, ನಾನು ಕೋಟು ಕೇಳ್ತಿದಾರೆ ಅಂದ್ಕೊಂಡು ಮೂರು ಸಲ ಬೀರು ತೆಗೆದೆ ಕಣೇ, ಎಂದು ನಕ್ಕರು, ಅವಳೂ ನಕ್ಕಳು, ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಅರ್ಧ ನಗು ಕಿಟಕಿಯ ಗಾಜಿನಲ್ಲಿ ಬರುತ್ತಿತ್ತು.

ಹತ್ತು ಗಂಟೆ ಹತ್ತು ನಿಮಿಷ. ಆ ಅಜ್ಜಿ ಈಗ ಮನೆಯಿಂದ ಹೊರಟಿರಬಹುದು, ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದವರಂತೆ, ಮೂವತ್ತು ವರ್ಷ ಊರಿಗೆಲ್ಲ ನಮಸ್ಕಾರ, ಯಾವ ನಂಬರ್ ಬೇಕು ಎಂದವರು, ಈಗ ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ಮಾತಾಡುತ್ತಾರೆ, ಮಗಳ ಫೋನು ಬಂದರೂ ಎತ್ತುವುದಿಲ್ಲವಂತೆ, ಸ ಹೇಳಿದ್ರೆ ಗಾಳಿ ಹೋಗುತ್ತಮ್ಮಾ, ಅವಳು ಫೋನಲ್ಲಿ ಯಾರೋ ಮುದುಕಿ ಅಂದ್ಕೊಳ್ತಾಳೆ. ಹಳೆಯ ಸೆಟ್ಟೂ ಮೇಷ್ಟ್ರದೇ, ಇಪ್ಪತ್ತು ವರ್ಷ ನಡೆದು ಎರಡು ಹೋಳಾಗಿತ್ತು, ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ತಂದಿದ್ದರು ಮೊದಲ ದಿನ, ಇದನ್ನ ಮಾಡಿದವರೇ ಮಾಡ್ಲಿ ಎಂದಿದ್ದರಂತೆ, ಐದು ವಾರದಿಂದ ಆ ಹೆಂಗಸು ಸ ಇಲ್ಲದೆ ಬದುಕುತ್ತಿದ್ದಾರೆ, ನಾನು ಇಲ್ಲಿ ಮೇಜು ಒರೆಸುತ್ತಿದ್ದೇನೆ, ಏನನ್ನು ಕಾಯುತ್ತಿದ್ದೇನೆ ನಾನು, ಮೇಷ್ಟ್ರ ಆ ಕೈ ಎದ್ದು ಬಂದು ಇದನ್ನು ಇಡುತ್ತದೆಯೇ — ಮೇಣ ಮೆತ್ತಗಾಗಿದೆ, ಹಲ್ಲಿನ ಕುತ್ತಿಗೆ ಸ್ವಲ್ಪ ಒಳಕ್ಕೆ, ತುದಿ ಒಂದು ಕೂದಲೆಳೆ ಹೊರಕ್ಕೆ, ಪಕ್ಕದ ಹಲ್ಲಿಗೆ ತಾಗಿಯೂ ತಾಗದಂತೆ, ಅವಳು ಕೆಳಗೆ ನೋಡಿದಾಗ ಕೋರೆಹಲ್ಲು ನಿಂತಿತ್ತು. ಯಾವಾಗ ಕೈ ಹೋಯಿತು. ಹದಿನಾಲ್ಕು. ಎಣಿಸಿದಳು, ಮತ್ತೆ ಎಣಿಸಿದಳು, ಅಳು ಬರುತ್ತದೆಂದುಕೊಂಡರೆ ಬರಲಿಲ್ಲ, ಹಸಿವಾದಂತೆನಿಸಿತು. ಗಾಡಿ ಬಂತು ಅಕ್ಕಾ, ಆಯ್ತಾ, ಎಂದು ಪಾಲಿಶ್ ಅಣ್ಣ. ಆಯ್ತು. ಈ ಸಲ ನಿಜ ಹೇಳಿದಳು. ಒಂದು ನಿಮಿಷ, ಒಳಗಡೆ ನುಣುಪು ಮಾಡಿಬಿಡ್ತೀನಿ. ಇನ್ನು ಉಳಿದದ್ದು ಅಷ್ಟೇ, ಮೇಲ್ಭಾಗವನ್ನು ತಿರುಗಿಸಿ ಅಂಗುಳಿನ ಮೇಣಕ್ಕೆ ಜ್ವಾಲೆ ತೋರಿಸಿ ಸೋಪು ನೀರಿನ ಹತ್ತಿಯಿಂದ ಒಮ್ಮೆ ಒರೆಸುವುದು, ಕೀಲು ತೆರೆದಳು, ಐದು ವಾರದಿಂದ ಮುಚ್ಚಿದ್ದ ಬಾಯಿ ತೆರೆಯಿತು, ತಿರುಗಿಸಿದಳು.

ಅಂಗುಳಿನ ನಡುವೆ ಒಂದು ಹೆಬ್ಬೆರಳು. ಮೇಣ ಆರುವ ಮೊದಲು ಪ್ಲಾಸ್ಟರಿಗೆ ಒತ್ತಿ ಹಿಡಿದ ಗುರುತು, ಗೆರೆಯ ಒಳಗೆ ಗೆರೆ, ಸುತ್ತಿ ಸುತ್ತಿ ನಡುವಿಗೆ, ಅಡ್ಡಕ್ಕೆ ಚೂರಿಯ ಹಳೆಯ ಗಾಯ, ಅಷ್ಟು ಸ್ಪಷ್ಟ, ಈಗಷ್ಟೇ ಎತ್ತಿದಂತೆ. ನಿನ್ನೆ ಮೇಷ್ಟ್ರ ಮಡಿಲಲ್ಲಿದ್ದ ಆ ಬಲಗೈಯಲ್ಲಿ ಹೆಬ್ಬೆರಳು ಕಾಣಿಸಿರಲಿಲ್ಲ, ನಾಲ್ಕು ಬೆರಳು ಅದನ್ನು ಒಳಗಿಟ್ಟುಕೊಂಡು ಮುಚ್ಚಿಕೊಂಡಿದ್ದವು, ದಿನಾ ಎಣ್ಣೆ ಹಚ್ಚಿ ಬಿಡಿಸ್ತೀನಿ, ಮತ್ತೆ ಒಳಗೆ ಹೋಗುತ್ತೆ ಕಣಮ್ಮ, ಎಂದಿದ್ದರು ಅವರ ಹೆಂಡತಿ. ಹೀಗೇ ಬಿಟ್ಟರೆ ಯಾರಿಗೆ ತಿಳಿಯುತ್ತದೆ, ಅಜ್ಜಿಯ ನಾಲಿಗೆಗೆ ತಿಳಿಯುತ್ತದೆ, ಸ ಎನ್ನಲು ಹೋದ ನಾಲಿಗೆ ಇಲ್ಲಿ ತಡವರಿಸುತ್ತದೆ, ನಾಲಿಗೆ ಪೊಲೀಸ್ ಇದ್ದ ಹಾಗೆ ತಾಯಿ, ಒಂದು ಗೀರು ಬಿಡಬೇಡ, ಯಾರದಾದ್ರೂ ಸರಿ ಒರೆಸು, ಎನ್ನುತ್ತಿದ್ದರು ಮೇಷ್ಟ್ರು. ಅಕ್ಕಾ, ಗಾಡಿಯವ ಹಾರ್ನ್ ಹೊಡೀತಿದಾನೆ. ಬಂದೆ. ದೀಪ ಎತ್ತಿಕೊಂಡಳು, ಜ್ವಾಲೆ ಹತ್ತಿರ ಬಂದಂತೆ ಗೆರೆಗಳ ನೆರಳು ಇನ್ನೂ ಆಳವಾಯಿತು, ಒತ್ತಿ ಹಿಡಿದ ಹೆಬ್ಬೆರಳು, ಮುಷ್ಟಿಯೊಳಗಿನ ಹೆಬ್ಬೆರಳು, ಗೆರೆಯ ಒಳಗೆ ಗೆರೆ, ಅಡ್ಡಕ್ಕೆ ಗಾಯ, ಅಂಚಿನ ಮೊದಲ ಗೆರೆ ಕರಗಿ ಹೊಳೆಯತೊಡಗಿತು, ಹೆಬ್ಬೆರಳು —